ಹರಿಗೋಲಿನ ಒಳನೀರು: ಕಾವೇರಿ–ಹೇಮಾವತಿ ಸೀಮೆಯ ಜನಪದ ತಂತ್ರಜ್ಞಾನದ ಒಂದು ಚರಿತ್ರೆ

ನೀರಿನ ಮೇಲೆ ತೇಲುವ ಯಾವುದೇ ಸಾಧನ ಎರಡು ಬಗೆಯ ನೀರಿನೊಡನೆ ವ್ಯವಹರಿಸಬೇಕಾಗುತ್ತದೆ. ಹೊರಗಿನ ನೀರು ಅದನ್ನು ತೇಲಿಸುತ್ತದೆ. ಒಳಗೆ ಸೇರಿದ ನೀರು ಅದನ್ನು ಮುಳುಗಿಸುತ್ತದೆ. ಅಂಬಿಗರ ಬದುಕನ್ನು ಕುರಿತ ಬರಹಗಳಲ್ಲಿ ಹೊರಗಿನ ನೀರಿಗೆ, ಎಂದರೆ ಹೊಳೆಗೆ, ಗಂಗೆಪೂಜೆಗೆ, ದಾಟುವ ಹಾಡು–ಕಥೆಗಳಿಗೆ ದೊರೆತಿರುವಷ್ಟು ಸ್ಥಾನ ಒಳಗಿನ ನೀರಿಗೆ ದೊರೆತಿಲ್ಲ. ಆದರೆ ಅಂಬಿಗನ ದೈನಂದಿನ ದುಡಿಮೆಯಲ್ಲಿ ಬಹುಪಾಲು ಎಚ್ಚರ ಸಲ್ಲುತ್ತಿದ್ದುದು ಈ ಒಳನೀರಿಗೇ. ದೋಣಿಯೊಳಗಿನ ನೀರನ್ನು ಹೊರಹಾಕಲು ಯಾವ ಸಾಧನವನ್ನು ನೆಚ್ಚಬೇಕು ಎಂಬ ಪ್ರಶ್ನೆ ಇಂದು ಯಂತ್ರದೋಣಿಗಳವರು ಕೇಳುವ ಪ್ರಶ್ನೆ. ಅದು ಹರಿಗೋಲಿನಷ್ಟೇ ಹಳೆಯದು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ಪರಿಸರದಲ್ಲಿ ಜನರು ಈ ಪ್ರಶ್ನೆಗೆ ಕಂಡುಕೊಂಡ ಉತ್ತರ ಯಾವುದು, ಅದರ ಹಿಂದಿನ ತಿಳಿವಳಿಕೆ ಎಂಥದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ನಾಲ್ಕು ತಾಲ್ಲೂಕುಗಳ ಜಲಪರಿಸರ

ಈ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ಹೊಂದಿಕೊಂಡಿದ್ದರೂ ನೀರಿನ ದೃಷ್ಟಿಯಿಂದ ಅವುಗಳ ಸ್ವಭಾವ ಬೇರೆ ಬೇರೆ. ಶ್ರೀರಂಗಪಟ್ಟಣ ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ. ಕೃಷ್ಣರಾಜಪೇಟೆಯ ಮೂಲಕ ಹರಿಯುವ ಹೇಮಾವತಿ ಮುಂದೆ ಕಾವೇರಿಯನ್ನು ಕೂಡುತ್ತದೆ. ಪಾಂಡವಪುರದಲ್ಲಿ ತೊಣ್ಣೂರಿನ ವಿಸ್ತಾರವಾದ ಕೆರೆ ಹಾಗೂ ವಿಶ್ವೇಶ್ವರಯ್ಯ ನಾಲೆಯ ಬಯಲು ಇವೆ. ನಾಗಮಂಗಲ ಬಹುಕಾಲ ಮಳೆ, ಕೆರೆ ಮತ್ತು ಬಾವಿಗಳನ್ನೇ ನಂಬಿದ ಸೀಮೆ. ಹೇಮಾವತಿ ನಾಲೆಯ ನೀರು ಅಲ್ಲಿಗೆ ಬಂದದ್ದು ಈಚಿನ ದಶಕಗಳಲ್ಲಿ. ಹೀಗೆ ಹೊಳೆ, ನಾಲೆ, ಕೆರೆ, ಬಾವಿ ಎಂಬ ನಾಲ್ಕು ನೆಲೆಗಳೂ ಒಂದೆರಡು ದಿನದ ನಡಿಗೆಯ ಅಂತರದಲ್ಲಿ ಸಿಗುತ್ತವೆ. ನೀರನ್ನು ದಾಟುವ ಕಸುಬು ಮತ್ತು ನೀರನ್ನು ಎತ್ತುವ ಕಸುಬು ಇಲ್ಲಿ ನೆರೆಹೊರೆಯಲ್ಲಿ ಬೆಳೆದುವು.

ನೈಋತ್ಯ ಮುಂಗಾರಿನಲ್ಲಿ ಕೊಡಗಿನ ಮಳೆಯಿಂದ ಉಕ್ಕುವ ಕಾವೇರಿ ಶ್ರೀರಂಗಪಟ್ಟಣಕ್ಕೆ ಕೋಟೆಗಿಂತ ಮೊದಲಿನ ರಕ್ಷಣೆಯಾಗಿತ್ತು. 1799ರ ಮೇ 4ರಂದು ಬ್ರಿಟಿಷ್ ಸೈನ್ಯ ಕೋಟೆಯ ಮೇಲೆ ಅಂತಿಮ ದಾಳಿ ನಡೆಸಿದ್ದು ಮುಂಗಾರು ಇಳಿಯುವ ಮುನ್ನ, ಹೊಳೆಯ ಪಾತ್ರವನ್ನು ಕಾಲ್ನಡಿಗೆಯಲ್ಲಿ ದಾಟಬಹುದಾಗಿದ್ದ ಸಮಯದಲ್ಲಿ. ಬೇಸಗೆಯಲ್ಲಿ ಕಾಲ್ದಾರಿ, ಮಳೆಗಾಲದಲ್ಲಿ ಹರಿಗೋಲು ಎಂಬುದು ಹೊಳೆಯಂಚಿನ ಊರುಗಳ ಸಾಮಾನ್ಯ ಕ್ರಮ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರ ವೇಳೆಗೆ, ಶ್ರೀರಂಗಪಟ್ಟಣದಲ್ಲಿ ವೆಲ್ಲೆಸ್ಲಿ ಸೇತುವೆ ಸಿದ್ಧವಾಯಿತು. ಆದರೂ ಸೇತುವೆಯಿಂದ ದೂರವಿದ್ದ ಹಳ್ಳಿಗಳಿಗೆ ಹರಿಗೋಲೇ ಗತಿಯಾಗಿತ್ತು.

ಸ್ಥಳನಾಮಗಳೂ ಇದಕ್ಕೆ ಸಾಕ್ಷಿ ನುಡಿಯುತ್ತವೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳ ತ್ರಿವೇಣಿ ಸಂಗಮದ ಬಳಿ, ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿರುವ ಅಂಬಿಗರಹಳ್ಳಿ ತನ್ನ ಹೆಸರಿನಲ್ಲಿಯೇ ಕಸುಬನ್ನು ಉಳಿಸಿಕೊಂಡಿದೆ. ಮಲೆ ಮಾದಪ್ಪನ ಮಹಿಮೆಯೊಡನೆ ಈ ತಾಣವನ್ನು ಸೇರಿಸಿ ಹೇಳುವ ಪ್ರತೀತಿಯಿದೆ. 2022ರ ಅಕ್ಟೋಬರ್‌ನಲ್ಲಿ ಇಲ್ಲಿ ಕುಂಭಮೇಳವೂ ನಡೆಯಿತು.

ಹರಿಗೋಲಿನ ರಚನೆ

ಹರಿಗೋಲು ಬಿದಿರಿನ ಸೀಳುಗಳಿಂದ ಹೆಣೆದ ದುಂಡಗಿನ ಬುಟ್ಟಿ. ತಳ ಚಪ್ಪಟೆ; ಅಂಚು ದಪ್ಪನೆಯ ಹೆಣಿಗೆಯದು. ಹೊರಮೈಗೆ ಹಿಂದೆ ಎಮ್ಮೆ ಅಥವಾ ಎತ್ತಿನ ತೊಗಲನ್ನು ಹೊಲಿಯುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ತೊಗಲಿನ ಸ್ಥಾನಕ್ಕೆ ಡಾಂಬರು ಬಳಿದ ಬಟ್ಟೆ, ಅನಂತರ ಪ್ಲಾಸ್ಟಿಕ್ ಹಾಳೆ ಹಾಗೂ ಗೊಬ್ಬರದ ಚೀಲಗಳು ಬಂದವು. ಒಂದೇ ಹುಟ್ಟಿನಿಂದ ನೀರನ್ನು ಎಳೆದು ಇದನ್ನು ನಡೆಸುತ್ತಾರೆ. ಆಳ ಕಡಿಮೆಯಿದ್ದಲ್ಲಿ ಬಿದಿರಿನ ಗಳದಿಂದ ಊರಿ ನೂಕುತ್ತಾರೆ.

ಈ ರಚನೆ ಪ್ರಾಚೀನವಾದುದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ತುಂಗಭದ್ರೆಯಲ್ಲಿ ಬುಟ್ಟಿಯಂತೆ ದುಂಡಗಿದ್ದು ಹೊರಗೆ ತೊಗಲು ಹೊದಿಸಿದ, ಹದಿನೈದಿಪ್ಪತ್ತು ಜನರನ್ನು ಒಯ್ಯಬಲ್ಲ ದೋಣಿಗಳನ್ನು ಕಂಡು ವರ್ಣಿಸಿದ್ದಾನೆ. ಶ್ರೀರಂಗಪಟ್ಟಣದ ಪತನಾನಂತರ ಅಲ್ಲಿನ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ, 1803ರ ಮರಾಠಾ ಯುದ್ಧದ ಕಾಲದಲ್ಲಿ ನದಿಗಳನ್ನು ದಾಟಲು ತೊಗಲು ಹೊದಿಸಿದ ಬುಟ್ಟಿದೋಣಿಗಳನ್ನೇ ಮಾಡಿಸಿ ಬಳಸಿದನು. ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆ ಇಲಾಖೆಯ ಮುಖ್ಯಸ್ಥನಾಗಿದ್ದ ಜೇಮ್ಸ್ ಹಾರ್ನೆಲ್ 1930ರ ದಶಕದಲ್ಲಿ ದಕ್ಷಿಣ ಭಾರತದ ಹರಿಗೋಲುಗಳನ್ನು ವೇಲ್ಸ್, ಐರ್ಲೆಂಡ್‌ಗಳ ತೊಗಲು ದೋಣಿಗಳ ಜೊತೆಯಲ್ಲಿ ಅಧ್ಯಯನ ಮಾಡಿದನು. ಇವರೆಲ್ಲರ ಗಮನ ಹೆಚ್ಚಾಗಿ ಸೆಳೆದದ್ದು ದೋಣಿಯ ಆಕಾರ ಮತ್ತು ಅದು ಹೊರುವ ಭಾರ. ಅದರೊಳಗೆ ಸೇರುವ ನೀರನ್ನು ನಿಭಾಯಿಸುತ್ತಿದ್ದವನ ತಿಳಿವಳಿಕೆ ಬೇರೆಯೇ ಒಂದು ಆಕರದಲ್ಲಿ, ಎಂದರೆ ಆಡುಮಾತಿನಲ್ಲಿ, ಉಳಿದಿದೆ.

ನೀರಿನ ನಡೆಯನ್ನು ಹೇಳುವ ಮಾತುಗಳು

ಕನ್ನಡದಲ್ಲಿ ನೀರು ಒಳಬರುವ ಬಗೆಗೆ ಒಂದೇ ಕ್ರಿಯಾಪದವಿಲ್ಲ. ಜಿನುಗುವುದು, ಒಸರುವುದು, ಸೋರುವುದು, ನುಗ್ಗುವುದು ಇವು ಒಂದೇ ಅರ್ಥದ ಪರ್ಯಾಯಗಳಲ್ಲ. ಒಂದಕ್ಕಿಂತ ಒಂದು ತೀವ್ರವಾದ ಅವಸ್ಥೆಗಳು. ಹೊಲಿಗೆಯ ಸಂದಿಯಲ್ಲಿ ಜಿನುಗುವ ನೀರಿಗೆ ಕೂಡಲೇ ಮಾಡಬೇಕಾದ್ದೇನೂ ಇಲ್ಲ. ಸಂಜೆ ದಡ ಸೇರಿದ ಮೇಲೆ ದೋಣಿಯನ್ನು ಕವುಚಿ ಒಣಗಿಸಿದರೆ ಸಾಕು. ಒಸರುವ ಜಾಗವನ್ನು ಮರುದಿನ ಹೊರಡುವ ಮುನ್ನ ಡಾಂಬರಿನಿಂದಲೋ ರಾಳದಿಂದಲೋ ಮೆತ್ತಬೇಕು. ಸೋರುವ ತೂತಿಗೆ ಆಗಲೇ ಬಟ್ಟೆ ತುರುಕಿ, ಒಂದು ಕೈ ನೀರು ಚೆಲ್ಲುತ್ತಿರಬೇಕು. ನೀರು ನುಗ್ಗಿತೆಂದರೆ ಚೆಲ್ಲುವ ಪ್ರಯತ್ನ ಬಿಟ್ಟು ದಡದ ದಾರಿ ನೋಡಬೇಕು.

ನೀರನ್ನು ಹೊರಹಾಕುವ ಮಾತುಗಳೂ ಹೀಗೆಯೇ. ಆಳದಿಂದ ಹಗ್ಗದ ಮೂಲಕ ತರುವುದು ಸೇದುವುದು. ಪಾತ್ರೆಯನ್ನು ನೀರಿನಲ್ಲಿ ಅದ್ದಿ ತುಂಬಿಕೊಳ್ಳುವುದು ಮೊಗೆಯುವುದು. ತುಂಬಿದ್ದನ್ನು ವೇಗವಾಗಿ ದೂರ ಚಿಮ್ಮಿಸುವುದು ಎರಚುವುದು. ಉಳಿದ ತೇವ ತಾನಾಗಿ ಇಳಿದುಹೋಗುವಂತೆ ಮಾಡುವುದು ಬಸಿಯುವುದು. ಬಾವಿಗೆ ಸೇದುವ ಕೆಲಸ, ಹೊಲಕ್ಕೆ ಎರಚುವ ಕೆಲಸ, ಹರಿಗೋಲಿಗೆ ಮೊಗೆಯುವ ಮತ್ತು ಬಸಿಯುವ ಕೆಲಸ. ಸಾಧನದ ಆಯ್ಕೆ ಈ ಕ್ರಿಯಾಪದಗಳಲ್ಲಿಯೇ ಅಡಗಿದೆ.

ಈ ಅನುಭವ ಭಕ್ತಿಸಾಹಿತ್ಯಕ್ಕೂ ರೂಪಕ ಒದಗಿಸಿತು. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯ ತನ್ನ ಕಸುಬಿನ ಹೆಸರಿನಲ್ಲಿಯೇ ವಚನ ನುಡಿದವನು. ಪುರಂದರದಾಸರು ಅಂಬಿಗನನ್ನು ಸಂಬೋಧಿಸಿ ರಚಿಸಿದ ಪ್ರಸಿದ್ಧ ಕೀರ್ತನೆಯಲ್ಲಿ ಮನುಷ್ಯದೇಹವನ್ನು ಒಂಬತ್ತು ತೂತುಗಳುಳ್ಳ ಹರಿಗೋಲಿಗೆ ಹೋಲಿಸಿದ್ದಾರೆ. ಭಾರ ತುಂಬಿದ, ಸೋರುವ ದೋಣಿಯಲ್ಲಿ ಕುಳಿತವನ ಭಯ ಕೇಳುಗರಿಗೆ ಪರಿಚಿತವಾಗಿದ್ದುದರಿಂದಲೇ ಆ ರೂಪಕ ಇಷ್ಟು ಕಾಲ ಬಾಳಿದೆ.

ಒಂದೇ ತೊಗಲು, ಎರಡು ಕೆಲಸ

ನೆಲದ ಮೇಲೆ ನೀರೆತ್ತುವ ಸಾಧನಗಳು ಈ ಸೀಮೆಯಲ್ಲಿ ಮುಖ್ಯವಾಗಿ ಮೂರು. ಮೊದಲನೆಯದು ಗೂಡೆ: ಹಗ್ಗ ಕಟ್ಟಿದ ಬುಟ್ಟಿಯನ್ನು ಇಬ್ಬರು ಎದುರುಬದುರು ನಿಂತು ತೂಗಿ, ತಗ್ಗಿನ ನೀರನ್ನು ತುಸು ಎತ್ತರದ ಗದ್ದೆಗೆ ಎರಚುವ ಕ್ರಮ. ಎರಡನೆಯದು ಏತ: ಕಂಬದ ಮೇಲೆ ತೂಗುವ ದೂಲದ ಒಂದು ತುದಿಗೆ ನೀರಿನ ಪಾತ್ರೆ, ಇನ್ನೊಂದು ತುದಿಗೆ ಭಾರ, ಕೆಲವೆಡೆ ದೂಲದ ಮೇಲೆ ಮನುಷ್ಯನೇ ಹಿಂದೆಮುಂದೆ ನಡೆದು ತೂಕ ಬದಲಿಸುತ್ತಿದ್ದನು. ಮೂರನೆಯದು ಕಪಿಲೆ: ಎತ್ತುಗಳು ಇಳಿಜಾರಿನಲ್ಲಿ ನಡೆಯುತ್ತ ಮಿಣಿಯನ್ನು ಎಳೆದಾಗ ತೊಗಲಿನ ಬಾನೆ ಬಾವಿಯಿಂದ ಮೇಲೇರಿ ತಾನಾಗಿ ಸುರಿಯುವ ವ್ಯವಸ್ಥೆ. 1800ರಲ್ಲಿ ಈ ಪ್ರದೇಶವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಏತ, ಕಪಿಲೆಗಳನ್ನು ದಾಖಲಿಸಿದ್ದಾನೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ನಾಗಮಂಗಲದಂಥ ಬಾವಿಸೀಮೆಯ ಕಪಿಲೆಯ ಬಾನೆಗೆ ಬೇಕಾದದ್ದೂ ಹೊಳೆಸೀಮೆಯ ಹರಿಗೋಲಿಗೆ ಬೇಕಾದದ್ದೂ ಒಂದೇ ವಸ್ತು: ಹದಮಾಡಿದ, ಎಣ್ಣೆ ಕುಡಿಸಿದ, ಬಿಗಿಯಾಗಿ ಹೊಲಿದ ತೊಗಲು. ಬಾನೆಯ ತೊಗಲು ನೀರನ್ನು ಒಳಗೆ ಹಿಡಿದಿಡಬೇಕು. ಹರಿಗೋಲಿನ ತೊಗಲು ನೀರನ್ನು ಹೊರಗೆ ತಡೆಯಬೇಕು. ಎರಡರ ದೌರ್ಬಲ್ಯವೂ ಹೊಲಿಗೆಯಲ್ಲಿದೆ. ಎರಡೂ ನೀರಿನಲ್ಲಿಯೇ ಬಿದ್ದಿದ್ದರೆ ಕೊಳೆಯುತ್ತವೆ, ಬಿಸಿಲಿನಲ್ಲಿಯೇ ಬಿದ್ದಿದ್ದರೆ ಬಿರಿಯುತ್ತವೆ. ತೊಗಲು ಹದಮಾಡುವವರು, ಬಿದಿರು ಹೆಣೆಯುವ ಮೇದರು, ದೋಣಿ ನಡೆಸುವ ಬೆಸ್ತರು ಮತ್ತು ಗಂಗಾಮತಸ್ಥರು, ಬಾವಿಯ ಒಕ್ಕಲಿಗರು ಹೀಗೆ ಹಲವು ಸಮುದಾಯಗಳ ಅರಿವು ಈ ಒಂದು ವಸ್ತುವಿನಲ್ಲಿ ಕೂಡುತ್ತದೆ.

ಹೊರಜಗತ್ತಿನ ಹಡಗುಗಳ ಇತಿಹಾಸದಲ್ಲಿಯೂ ತೊಗಲಿಗೆ ಇದೇ ಪಾತ್ರವಿತ್ತು. ಯುರೋಪಿನ ಮರದ ಹಡಗುಗಳಲ್ಲಿ ತಳದ ನೀರನ್ನು ಎತ್ತಲು ಮರದ ಕಾಂಡವನ್ನು ಕೊರೆದು ಮಾಡಿದ ಪಂಪುಗಳಿದ್ದುವು. ಅವುಗಳ ಕವಾಟಗಳು ತೊಗಲಿನವು. ತೊಗಲು ಒಣಗಿದರೆ ಪಂಪು ಗಾಳಿ ಎಳೆಯುತ್ತಿತ್ತು, ಕಸ ಸಿಕ್ಕಿದರೆ ಕಟ್ಟಿಕೊಳ್ಳುತ್ತಿತ್ತು. ಹಡಗಿನ ತಳ ಮನುಷ್ಯನ ಕೈಗೆ ಎಟುಕದಷ್ಟು ಆಳದಲ್ಲಿದ್ದುದರಿಂದ ಅಲ್ಲಿ ಪಂಪು ಅನಿವಾರ್ಯ. ಹರಿಗೋಲಿನಲ್ಲಿ ನೀರನ್ನು ಎತ್ತಬೇಕಾದ ಎತ್ತರ ಒಂದು ಮೊಳ, ಹೆಚ್ಚೆಂದರೆ ಎರಡು. ತೊಗಲಿನ ಕೆಲಸವನ್ನೂ ನೀರೆತ್ತುವ ತತ್ತ್ವವನ್ನೂ ಚೆನ್ನಾಗಿ ಬಲ್ಲ ಈ ಸೀಮೆಯ ಜನ ಹರಿಗೋಲಿನೊಳಗೆ ಯಾವ ಯಂತ್ರವನ್ನೂ ಇಡದೆ ಕೈಪಾತ್ರೆಯನ್ನು ಮಾತ್ರ ಇಟ್ಟುಕೊಂಡದ್ದು ಅಜ್ಞಾನದಿಂದ ಎಂದು ತಿಳಿಯಲು ಆಧಾರವಿಲ್ಲ. ಆ ಆಯ್ಕೆಗೆ ಕಾರಣಗಳಿವೆ.

ಮೊಗೆಯುವ ಪಾತ್ರೆ ಮತ್ತು ಪಂಪು

ಮೊದಲನೆಯ ಕಾರಣ ತಳದ ಆಕಾರ. ಪಂಪು ಕೆಲಸ ಮಾಡಬೇಕಾದರೆ ನೀರು ಒಂದು ತಗ್ಗಿನಲ್ಲಿ ಬಂದು ನಿಲ್ಲಬೇಕು. ಕೂಪಾದ ತಳವುಳ್ಳ ದೋಣಿಯಲ್ಲಿ ಅಂಥ ತಗ್ಗು ಸಹಜವಾಗಿ ಇರುತ್ತದೆ. ಹರಿಗೋಲಿನ ತಳ ಚಪ್ಪಟೆ. ನೀರು ತೆಳುವಾಗಿ ಹರಡಿ, ಭಾರ ಸರಿದತ್ತ ಸರಿಯುತ್ತದೆ. ತಳದ ವ್ಯಾಸ 2 ಮೀಟರ್ ಇದ್ದರೆ ಒಂದು ಸೆಂಟಿಮೀಟರ್ ನೀರು ಎಂದರೆ ಸುಮಾರು 31 ಲೀಟರ್. ಐದು ಸೆಂಟಿಮೀಟರ್ ನಿಂತರೆ 150 ಕಿಲೋಗ್ರಾಂಗೂ ಮೀರಿದ ಭಾರ. ಇದು ಇಬ್ಬರು ಪ್ರಯಾಣಿಕರ ತೂಕ. ಆದರೆ ಪ್ರಯಾಣಿಕರು ಕುಳಿತಲ್ಲಿ ಕುಳಿತಿರುತ್ತಾರೆ, ನೀರು ಕೂರುವುದಿಲ್ಲ. ದೋಣಿ ಒಂದು ಕಡೆ ವಾಲಿದೊಡನೆ ಆ ಭಾರವೆಲ್ಲ ಅದೇ ಕಡೆಗೆ ಹರಿದು ವಾಲನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹರಿಗೋಲು ಮಗುಚುವುದಕ್ಕೆ ತೂತಿಗಿಂತ ಹೆಚ್ಚಾಗಿ ಈ ಅಲೆದಾಡುವ ನೀರು ಕಾರಣವಾಗುತ್ತದೆ. ಆದ್ದರಿಂದ ಅಗಲವಾಗಿ ಬಳಿದು ಮೊಗೆಯಬಲ್ಲ ಪಾತ್ರೆಯೇ ಇಲ್ಲಿ ಉಚಿತ. ತೆಂಗಿನ ಚಿಪ್ಪು, ಸೋರೆಬುರುಡೆ, ಅನಂತರ ತಗಡಿನ ಡಬ್ಬಿ, ಈಗ ಓರೆಯಾಗಿ ಕತ್ತರಿಸಿದ ಪ್ಲಾಸ್ಟಿಕ್ ಕ್ಯಾನು: ವಸ್ತು ಬದಲಾದರೂ ತತ್ತ್ವ ಬದಲಾಗಿಲ್ಲ.

ಎರಡನೆಯ ಕಾರಣ ಕಸ. ಬಿದಿರಿನ ಹೆಣಿಗೆಯ ಸಂದುಗಳಲ್ಲಿ ಹುಲ್ಲು, ಮರಳು, ಮೀನಿನ ಪೊರೆ, ಬಲೆಯ ನೂಲು ಸೇರುತ್ತವೆ. ಜಾಲರಿ, ಕವಾಟಗಳಿರುವ ಸಾಧನಕ್ಕೆ ಇವು ಶತ್ರುಗಳು. ಬಾಯಿ ಅಗಲವಾದ ಪಾತ್ರೆಗೆ ಏನೂ ಅಲ್ಲ.

ಮೂರನೆಯದು ಲೆಕ್ಕ. ನೀರಿನ ಮಟ್ಟಕ್ಕಿಂತ 20 ಸೆಂಟಿಮೀಟರ್ ಕೆಳಗೆ ಎರಡೂವರೆ ಸೆಂಟಿಮೀಟರ್ ವ್ಯಾಸದ ತೂತು ಬಿದ್ದರೆ ಮಿನಿಟಿಗೆ ಸುಮಾರು 35 ಲೀಟರ್ ನೀರು ಒಳಬರುತ್ತದೆ. ಎರಡು ಲೀಟರ್ ಹಿಡಿಯುವ ಪಾತ್ರೆಯಿಂದ ಮಿನಿಟಿಗೆ ಹದಿನೆಂಟು ಬಾರಿ ಮೊಗೆದರೆ ಅಷ್ಟನ್ನು ಸರಿದೂಗಿಸಬಹುದು. ಗಟ್ಟಿಮುಟ್ಟಾದವನಿಗೆ ಸ್ವಲ್ಪ ಹೊತ್ತು ಸಾಧ್ಯವಾಗುವ ಕೆಲಸ ಇದು. ತೂತಿನ ವ್ಯಾಸ ಇಮ್ಮಡಿಯಾದರೆ ಒಳಬರುವ ನೀರು ನಾಲ್ಮಡಿಯಾಗುತ್ತದೆ. ಆಗ ಯಾರ ಕೈಯೂ ಸಾಲದು. ಸೋರುವ ನೀರಿಗೂ ನುಗ್ಗುವ ನೀರಿಗೂ ನಡುವೆ ಆಡುಮಾತು ಎಳೆದಿರುವ ಗೆರೆ ಈ ಲೆಕ್ಕಕ್ಕೆ ಹೊಂದಿಕೊಳ್ಳುತ್ತದೆ. ಮೊದಲು ತೂತನ್ನು ಕಿರಿದು ಮಾಡು, ಆಮೇಲೆ ಮೊಗೆ ಎಂಬ ಕ್ರಮದ ಔಚಿತ್ಯವೂ ಇಲ್ಲಿದೆ.

ಇಂದು ಮಾರುಕಟ್ಟೆಯಲ್ಲಿ ದೊರೆಯುವ ಸಣ್ಣ ವಿದ್ಯುತ್ ಪಂಪುಗಳನ್ನು ಇದೇ ಅಳತೆಗೆ ಹಿಡಿದು ನೋಡಬಹುದು. ಗಂಟೆಗೆ 500 ಅಮೆರಿಕನ್ ಗ್ಯಾಲನ್ ಎಂದು ಗುರುತಿಸಿದ ಪಂಪು ಮಿನಿಟಿಗೆ 32 ಲೀಟರ್‌ಗಿಂತ ಕಡಿಮೆ ನೀರನ್ನು ಹೊರಹಾಕುತ್ತದೆ. ಎಂದರೆ ಮೇಲೆ ಹೇಳಿದ ಒಂದು ತೂತಿಗೂ ಅದು ಸಾಲದು. ಅದಲ್ಲದೆ ಆ ಅಂಕಿ ನೀರನ್ನು ಎತ್ತರಕ್ಕೆ ಏರಿಸದ ಸ್ಥಿತಿಯಲ್ಲಿ ಅಳೆದದ್ದು. ಕೊಳವೆ ಕಿರಿದಾದಷ್ಟೂ, ತಿರುವು ಹೆಚ್ಚಾದಷ್ಟೂ, ಬ್ಯಾಟರಿ ಕುಗ್ಗಿದಷ್ಟೂ ಅದು ಇಳಿಯುತ್ತದೆ. ಆದ್ದರಿಂದ ಯಂತ್ರದೋಣಿಗೆ ಪಂಪು ಆರಿಸುವಾಗ ಬೇಕೆನಿಸಿದ್ದಕ್ಕಿಂತ ಹೆಚ್ಚಿನ ಸಾಮರ್ಥ್ಯದ್ದನ್ನು ಆರಿಸಬೇಕು; ಅದನ್ನು ತಳದ ಅತಿ ತಗ್ಗಿನ ಜಾಗದಲ್ಲಿ ಕೂರಿಸಬೇಕು; ಜಾಲರಿಯನ್ನು ಕೈಯಿಂದ ಬಿಚ್ಚಿ ತೊಳೆಯುವಂತಿರಬೇಕು; ಹೊರಬಾಯಿ ಹೊರಗಿನ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲವಾದರೆ ಪಂಪು ನಿಂತಾಗ ಅದೇ ಕೊಳವೆಯಿಂದ ಹೊಳೆಯ ನೀರು ಒಳಗೆ ಇಳಿಯುತ್ತದೆ. ನೀರು ಏರಿದಾಗ ತಾನಾಗಿ ಚಾಲೂ ಆಗುವ ತೇಲುಗುಂಡಿನ ಸ್ವಿಚ್ಚು ಉಪಯುಕ್ತ, ಆದರೆ ಅದನ್ನು ಪ್ರತಿ ಪಯಣಕ್ಕೂ ಮುನ್ನ ಪರೀಕ್ಷಿಸಬೇಕು. ರಬ್ಬರಿನ ಪೊರೆಯುಳ್ಳ ಕೈಪಂಪು ಸಣ್ಣ ಕಸವನ್ನು ಸಹಿಸಿಕೊಳ್ಳುತ್ತದೆ, ಬ್ಯಾಟರಿಯನ್ನು ಕೇಳುವುದಿಲ್ಲ; ಆದ್ದರಿಂದ ವಿದ್ಯುತ್ ಪಂಪಿನ ಬೆನ್ನಿಗೆ ಅದೂ, ಅದರ ಬೆನ್ನಿಗೆ ಒಂದು ಬಕೆಟ್ಟೂ ಇರಬೇಕು. ಕಪಿಲೆಯ ತೊಗಲಿನ ಜಾಗಕ್ಕೆ ಇಲ್ಲಿ ರಬ್ಬರು ಬಂದಿದೆ. ಅದರ ಆರೈಕೆಯ ಹೊಣೆ ಮಾತ್ರ ಹಿಂದಿನಂತೆಯೇ ಮನುಷ್ಯನದು.

ಬದಲಾದ ನೀರು, ಬದಲಾದ ದೋಣಿ

1911ರಲ್ಲಿ ಆರಂಭವಾಗಿ 1930ರ ದಶಕದ ಆರಂಭದ ಹೊತ್ತಿಗೆ ಪೂರ್ಣಗೊಂಡ ಕೃಷ್ಣರಾಜಸಾಗರವು ಈ ಸೀಮೆಯ ದೋಣಿಗಾರಿಕೆಯ ಸ್ವರೂಪವನ್ನೇ ಬದಲಿಸಿತು. ಹಳೆಯ ಕನ್ನಂಬಾಡಿ ನೀರಿನಡಿ ಸೇರಿತು. ಹರಿಯುವ ಹೊಳೆಯನ್ನು ದಾಟುತ್ತಿದ್ದ ಹರಿಗೋಲು ಅಗಲವಾದ ಹಿನ್ನೀರಿನ ಮೇಲೆ ಮೀನು ಹಿಡಿಯುವ ದೋಣಿಯಾಯಿತು. ಹೊಳೆಯಲ್ಲಿ ಸೆಳವು ಭಯವಾದರೆ ಹಿನ್ನೀರಿನಲ್ಲಿ ಗಾಳಿಯ ಅಲೆ ಭಯ; ಅಂಚಿನ ಮೇಲಿನಿಂದ ಬಿದ್ದ ನೀರು ತಳದಲ್ಲಿ ಕೂಡುತ್ತದೆ, ದಡ ದೂರವಿರುತ್ತದೆ. ಗಂಡಹೆಂಡಿರು ಜೊತೆಯಾಗಿ ಮೀನು ಹಿಡಿಯುವ ಹರಿಗೋಲುಗಳಲ್ಲಿ ಒಬ್ಬರು ಹುಟ್ಟು ಹಾಕುವಾಗ ಇನ್ನೊಬ್ಬರು ಬಲೆಯನ್ನೂ ಒಳನೀರನ್ನೂ ನೋಡಿಕೊಳ್ಳುತ್ತಾರೆ. ಇತ್ತ ವಿದ್ಯುತ್ ಪಂಪ್‌ಸೆಟ್ಟುಗಳು ಬಂದಂತೆ ಕಪಿಲೆ, ಏತಗಳು ಮರೆಯಾದವು. ಅವುಗಳೊಡನೆ ತೊಗಲಿನ ಕುಶಲತೆಯೂ ಕ್ಷೀಣಿಸಿತು.

ಈಚಿನ ವರ್ಷಗಳಲ್ಲಿ ರಾಜ್ಯದ ಮೀನುಗಾರಿಕೆ ಇಲಾಖೆ ಒಳನಾಡು ಮೀನುಗಾರರಿಗೆ ಫೈಬರ್ ಗ್ಲಾಸ್ ಹರಿಗೋಲುಗಳನ್ನು ಒದಗಿಸುವ ಯೋಜನೆಗಳನ್ನು ನಡೆಸಿದೆ. ಇವು ಹಗುರ, ಜಿನುಗುವುದಿಲ್ಲ, ಪ್ರತಿದಿನ ಒಣಗಿಸಬೇಕಾಗಿಲ್ಲ. ಈ ಅನುಕೂಲಗಳು ನಿಜವಾದವು. ಆದರೆ ಎರಡು ವ್ಯತ್ಯಾಸಗಳನ್ನು ಮರೆಯಲಾಗದು. ಬಿದಿರಿನ ಹರಿಗೋಲು ಜಿನುಗಿ, ಒಸರಿ, ಸೋರಿ ಮುನ್ಸೂಚನೆ ಕೊಡುತ್ತದೆ. ಫೈಬರ್ ದೋಣಿ ಬಿರುಕು ಬಿಟ್ಟಾಗ ಆ ನಡುವಿನ ಹಂತಗಳಿಲ್ಲದೆಯೇ ನೀರು ನುಗ್ಗಬಹುದು. ಬಿದಿರು ನೀರಿಗಿಂತ ಹಗುರ. ಆದ್ದರಿಂದ ನೀರು ತುಂಬಿದರೂ ಆ ಬುಟ್ಟಿ ತೇಲುತ್ತದೆ, ಬಿದ್ದವರು ಅದನ್ನು ಹಿಡಿದುಕೊಳ್ಳಬಹುದು. ಫೈಬರ್ ಗ್ಲಾಸ್ ನೀರಿಗಿಂತ ಭಾರ. ಗಾಳಿ ತುಂಬಿದ ಕೋಶಗಳನ್ನಾಗಲಿ ತೇಲುವ ವಸ್ತುವನ್ನಾಗಲಿ ಅದರಲ್ಲಿ ಸೇರಿಸಿರದಿದ್ದರೆ ನೀರು ತುಂಬಿದೊಡನೆ ಅದು ತಳ ಸೇರುತ್ತದೆ. ದೋಣಿ ಒಣಗಿದೆಯೆಂಬ ಭರವಸೆಯಿಂದ ಮೊಗೆಯುವ ಪಾತ್ರೆಯನ್ನು ದಡದಲ್ಲಿ ಬಿಟ್ಟು ಹೊರಡುವ ಅಭ್ಯಾಸ ಬೆಳೆದರೆ ಅದರ ಬೆಲೆ ಪ್ರಾಣದ ಬೆಲೆ. ಶ್ರೀರಂಗಪಟ್ಟಣದ ಸಂಗಮದಂಥ ಪ್ರವಾಸಿ ತಾಣಗಳಲ್ಲಿ ಹರಿಗೋಲು ಹತ್ತುವವರಿಗೆ ಈಜು ಬರಬೇಕೆಂಬ ನಿಯಮವಿಲ್ಲ. ಅಲ್ಲಿ ಜೀವರಕ್ಷಕ ಅಂಗಿಯ ಜೊತೆಗೆ ಒಂದು ಕೈಪಾತ್ರೆಯೂ ಪ್ರತಿ ದೋಣಿಯಲ್ಲಿ ಕಡ್ಡಾಯವಾಗಿ ಇರಬೇಕಾದುದು ಅಗತ್ಯ.

ಉಪಸಂಹಾರ

ಒಟ್ಟಾರೆಯಾಗಿ ನೋಡಿದಾಗ, ನೆಚ್ಚಬಹುದಾದ ಸಾಧನ ಯಾವುದೆಂಬ ಪ್ರಶ್ನೆಗೆ ಈ ಸೀಮೆಯ ಪರಂಪರೆ ಒಂದೇ ವಸ್ತುವನ್ನು ತೋರಿಸಿ ಉತ್ತರಿಸುವುದಿಲ್ಲ. ದೋಣಿಯ ತಳ ಎಂಥದು, ನೀರು ಯಾವ ಬಗೆಯಲ್ಲಿ ಒಳಬರುತ್ತಿದೆ, ದಡ ಎಷ್ಟು ದೂರ, ಕೆಟ್ಟುದನ್ನು ಅಲ್ಲಿಯೇ ಸರಿಪಡಿಸಬಲ್ಲ ಕೈ ಇದೆಯೇ ಎಂಬ ನಾಲ್ಕನ್ನು ನೋಡಿ ಅದು ಆಯ್ಕೆ ಮಾಡಿತು. ಬಾವಿಗೆ ಕಪಿಲೆ, ಗದ್ದೆಗೆ ಗೂಡೆ, ಹರಿಗೋಲಿಗೆ ಚಿಪ್ಪು ಎಂಬ ವಿಂಗಡಣೆ ಆ ವಿವೇಚನೆಯ ಫಲ. ಆಳವಾದ ತಳದ ಯಂತ್ರದೋಣಿಗೆ ಪಂಪು ಬೇಕೆಂಬುದೂ ಅದೇ ವಿವೇಚನೆಗೆ ಒಪ್ಪುವ ಮಾತು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ನಮ್ಮಲ್ಲಿದೆ. ಸೇತುವೆಗಳು ಬಂದ ಮೇಲೆ ಸಮಾಜ ಅಂಬಿಗನನ್ನು ನಡೆಸಿಕೊಂಡ ಬಗೆಗೂ ಈ ಗಾದೆ ಸಲ್ಲುತ್ತದೆ. ಹಿನ್ನೀರಿನ ಮೀನುಗಾರರು ಇನ್ನೂ ಹೊಳೆ ದಾಟಿ ಮುಗಿಸಿದವರಲ್ಲ. ಜಿನುಗು, ಒಸರು, ಸೋರು, ನುಗ್ಗು ಎಂಬ ಮಾತುಗಳ ವ್ಯತ್ಯಾಸವನ್ನು ದೇಹದಿಂದ ಬಲ್ಲ ಹಿರಿಯರು ಇರುವಾಗಲೇ ಅವರ ಪದಸಂಪತ್ತನ್ನೂ ಕೈಚಳಕವನ್ನೂ ತಾಲ್ಲೂಕುವಾರು ದಾಖಲಿಸಬೇಕು. ಹೊಸ ದೋಣಿ ಕೊಡುವಾಗ ಆ ಅರಿವನ್ನೂ ತರಬೇತಿಯ ಭಾಗವಾಗಿ ಕೊಡಬೇಕು. ಜಾನಪದ ಅಧ್ಯಯನ ಮತ್ತು ಜೀವರಕ್ಷಣೆ ಒಂದೇ ದೋಣಿಯಲ್ಲಿ ಕೂರುವ ಅಪರೂಪದ ಸಂದರ್ಭ ಇದಾಗಿದೆ.